ಅವ್ವನ ಟೈಲ್ಸ್, ನನ್ನ ಫರಸಿ: ಇಂಟೀರಿಯರ್ ಡಿಸೈನರ್ ಒಬ್ಬಳ ಇಷ್ಟದ ಮನೆ ಸಾಮಾನು

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

ಈ ಸಂಚಿಕೆಗೆ ನನ್ನನ್ನು ಕರೆದಾಗ ಕೇಳಿದ್ದು ಒಂದೇ ಪ್ರಶ್ನೆ. "ಬೇರೆಯವರ ಮನೆಯನ್ನೆಲ್ಲ ಚೆಂದ ಮಾಡಿಕೊಡ್ತೀರಿ, ನಿಮಗೆ ಸ್ವಂತಕ್ಕೆ ಇಷ್ಟ ಆಗೋ ವಸ್ತು ಯಾವುದು, ಇಷ್ಟದ ಸ್ಟೈಲ್ ಯಾವುದು?" ಇದೇನು ಮಹಾ ಅಂತ ಒಪ್ಪಿಕೊಂಡುಬಿಟ್ಟೆ. ಮನೆಗೆ ಬಂದು ಹಾಳೆ ಮೇಲೆ ಪಟ್ಟಿ ಬರೆದಾಗ ಒಂದು ವಿಷಯ ಹೊಳೀತು. ಇದರಲ್ಲಿ ಅರ್ಧಕ್ಕರ್ಧ ಸಾಮಾನನ್ನು ನಮ್ಮವ್ವ ತನ್ನ ಮನೆ ಹೊಸ್ತಿಲು ದಾಟೋಕೆ ಬಿಡೋದಿಲ್ಲ. ಹೋದ ವರ್ಷ ಊರಲ್ಲಿ ಮನೆ ಕಟ್ಟಿಸುವಾಗ ಇದೇ ಕಾರಣಕ್ಕೆ ನಾನು, ಅವ್ವ ಹನ್ನೊಂದು ದಿನ ಮಾತು ಬಿಟ್ಟಿದ್ವಿ. ಹಾಗಾಗಿ ಇವತ್ತು ಪಟ್ಟಿಯನ್ನೂ ಹೇಳ್ತೀನಿ, ಜಗಳವನ್ನೂ ಹೇಳ್ತೀನಿ. ಜಗಳ ಬಿಟ್ಟು ಬರೀ ಪಟ್ಟಿ ಹೇಳಿದರೆ ಅದು ಇನ್‌ಸ್ಟಾಗ್ರಾಮ್ ರೀಲ್ ಆಗುತ್ತೆ ಅಷ್ಟೇ.

ನಮ್ಮೂರು ಹತ್ತಿಕುಣಿ, ಯಾದಗಿರಿ ಹತ್ತಿರ. ಮಳೆಗಾಲದಲ್ಲಿ ಡ್ಯಾಂ ತುಂಬಿದಾಗ ಆ ಕಡೆಯ ಹುಡುಗರೆಲ್ಲ ಬೈಕ್ ಹತ್ತಿ ಬಂದು ಸೆಲ್ಫಿ ತೆಗೆಯೋ ಊರು. ಉಳಿದ ತಿಂಗಳು ಬಿಸಿಲಿನ ಊರು. ನಮ್ಮಪ್ಪ ಗೌಂಡಿ. ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಿಂದ ಎಷ್ಟು ಮನೆಯವರು ಗಂಟು ಕಟ್ಟಿಕೊಂಡು ಬೆಂಗಳೂರಿಗೆ ದುಡಿಯೋಕೆ ಹೋಗ್ತಾರೆ ಅನ್ನೋದು ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಅಪ್ಪ ಗೋಡೆ ಕಟ್ಟಿದ, ಅವ್ವ ತಲೆ ಮೇಲೆ ಉಸುಕು, ಇಟ್ಟಿಗೆ ಹೊತ್ತಳು. ನಾನು ಊರಲ್ಲಿ ಮುತ್ಯಾ, ಆಯಿ ಜೊತೆ ಮಾಳಿಗೆ ಮನೆಯಲ್ಲಿ ಬೆಳೆದೆ. ಈಗ ನಾನು ಅದೇ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಒಳಗೆ ಸೋಫಾ ಎಲ್ಲಿಡಬೇಕು, ಲೈಟ್ ಎಲ್ಲಿ ಬರಬೇಕು ಅಂತ ಹೇಳಿ ಸಂಬಳ ತಗೋತೀನಿ. ಅಪ್ಪ ಕಟ್ಟಿದ ಯಾವುದೋ ಗೋಡೆಗೆ ನಾನು ಬಣ್ಣ ಆರಿಸಿರಬಹುದು. ಲೆಕ್ಕ ಇಟ್ಟವರು ಯಾರು?

ಪಟ್ಟಿಯಲ್ಲಿ ಮೊದಲನೇದು ನೆಲ. ಶಹಾಬಾದ್ ಕಲ್ಲು, ನಮ್ಮ ಕಡೆ ಬಾಯಲ್ಲಿ ಫರಸಿ. ಯಾದಗಿರಿಯಲ್ಲಿ ಕಲಬುರಗಿ ಕಡೆಯ ರೈಲು ಹತ್ತಿದರೆ ವಾಡಿ ಬರುತ್ತೆ, ವಾಡಿ ದಾಟಿದರೆ ಶಹಾಬಾದ್. ಕಲ್ಲಿಗೆ ಹೆಸರು ಬಂದದ್ದು ಆ ಊರಿಂದ. ಇದು ಸುಣ್ಣದಕಲ್ಲು. ಭೀಮಾ ನದಿಯ ಆ ಭಾಗದಲ್ಲಿ ಕೋಟ್ಯಂತರ ವರ್ಷಗಳ ಹಿಂದೆ ನೀರಿನ ಅಡಿಯಲ್ಲಿ ಪದರ ಪದರವಾಗಿ ಕೂತು ಗಟ್ಟಿಯಾದದ್ದು. ಪದರ ಇರೋದರಿಂದಲೇ ಸರಿಯಾದ ಜಾಗಕ್ಕೆ ಉಳಿ ಇಟ್ಟು ಹೊಡೆದರೆ ರೊಟ್ಟಿ ಬಿಡಿಸಿದ ಹಾಗೆ ಹಲಗೆ ಹಲಗೆಯಾಗಿ ಏಳುತ್ತೆ. ಬಣ್ಣ ಬೂದಿ, ಕೆಲವು ಕಡೆ ನೀಲಿ ಛಾಯೆ, ಕೆಲವು ಕಡೆ ಹಳದಿ. ಪುಣೆ, ಮುಂಬೈಯ ಹಳೇ ಮನೆಗಳ ಅಡುಗೆಮನೆಯಲ್ಲಿ, ಹೈದರಾಬಾದಿನ ಅಂಗಳಗಳಲ್ಲಿ ಇದೇ ಕಲ್ಲು. ಮರಾಠಿಯವರೂ ಇದನ್ನು ಶಹಾಬಾದಿ ಫರಶಿ ಅಂತಲೇ ಕರೀತಾರೆ.

ಇನ್ನೊಂದು ಮಾತು. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದು ಇದೇ ಸುಣ್ಣದಕಲ್ಲಿಗಾಗಿ. ಅಂದ್ರೆ ಮುತ್ಯಾನ ಮನೆಯ ನೆಲವೂ, ಅಪ್ಪ ಬೆಂಗಳೂರಿನಲ್ಲಿ ಕಲಸಿದ ಸಿಮೆಂಟೂ ಹೆಚ್ಚುಕಡಿಮೆ ಒಂದೇ ನೆಲದ ಕಲ್ಲು. ಇದು ಗೊತ್ತಾದ ದಿನ ನನಗೆ ಆ ಕಲ್ಲಿನ ಮೇಲೆ ಇನ್ನೂ ಪ್ರೀತಿ ಹೆಚ್ಚಾಯ್ತು. ಡಿಸೈನರ್‌ಗಳು ಹೀಗೇ, ಕಥೆ ಸಿಕ್ಕಿದರೆ ಕಲ್ಲನ್ನೂ ತಬ್ಬಿಕೊಳ್ತೀವಿ.

ಈಗ ಇದರ ಗುಣ, ದೋಷ ಎರಡೂ ಕೇಳಿ. ಮೆರುಗು ಕಡಿಮೆ, ಆದ್ದರಿಂದ ಬಿಸಿಲು ಬಿದ್ದರೆ ಕಣ್ಣಿಗೆ ಹೊಡೆಯೋದಿಲ್ಲ. ಪಾಲಿಶ್ ಮಾಡದ ಕಲ್ಲು ಒದ್ದೆಯಾದರೂ ಕಾಲು ಸುಲಭಕ್ಕೆ ಜಾರೋದಿಲ್ಲ. ಇಪ್ಪತ್ತು ವರ್ಷ ಓಡಾಡಿದ ಮೇಲೆ ಜನ ನಡೆದ ದಾರಿ ತಾನೇ ನುಣುಪಾಗಿ ಹೊಳೀತದೆ. ಬಾಗಿಲಿಂದ ಒಲೆಯವರೆಗೆ ಆಯಿ ನಡೆದ ದಾರಿ ನಮ್ಮ ಹಳೇ ಮನೆಯಲ್ಲಿ ಕಣ್ಣಿಗೆ ಕಾಣ್ತಿತ್ತು. ದೋಷ ಏನು? ಇದು ಸುಣ್ಣದಕಲ್ಲಾದ್ದರಿಂದ ಹುಳಿ ಕಂಡರೆ ಆಗೋದಿಲ್ಲ. ನಿಂಬೆರಸ, ಹುಣಸೆಹುಳಿ ಬಿದ್ದು ಹಾಗೇ ಬಿಟ್ಟರೆ ಕಲೆ ಕೂತುಬಿಡುತ್ತೆ. ಬಚ್ಚಲು ತೊಳೆಯೋ ಆಸಿಡ್ ಹಾಕಿದರೆ ಮೇಲ್ಮೈಯೇ ತಿಂದುಹೋಗುತ್ತೆ. ಎಣ್ಣೆಯನ್ನೂ ಹೀರಿಕೊಳ್ಳುತ್ತೆ. ನಿಮ್ಮ ಬಾಡಿಗೆ ಮನೆಯಲ್ಲಿ ಇಂಥ ನೆಲ ಇದ್ದರೆ ಸಾದಾ ನೀರು, ಒಂದು ಹನಿ ಪಾತ್ರೆ ಸೋಪು ಸಾಕು. ಹೊಸದಾಗಿ ಹಾಕಿಸುವವರು ಕಲ್ಲಿನೊಳಗೆ ಇಳಿಯುವಂಥ ಸೀಲರ್ ಹೊಡೆಸಿ. ಮೇಲೆ ಪೊರೆ ಕಟ್ಟೋ ವಾರ್ನಿಷ್ ಬೇಡ, ಅದು ಒಂದೆರಡು ವರ್ಷಕ್ಕೆ ಹಾವಿನ ಪೊರೆಯ ಹಾಗೆ ಏಳುತ್ತೆ.

ಎರಡನೇದು ಗೋಡೆಯೊಳಗಿನ ಮಾಡ. ಹಳೇ ಮನೆ ನೋಡಿದವರಿಗೆ ಗೊತ್ತು, ಗೋಡೆಯಲ್ಲೇ ಕೊರೆದ ಗೂಡು. ದೀಪಕ್ಕೊಂದು, ಕುಂಕುಮದ ಭರಣಿಗೊಂದು, ಮುತ್ಯಾನ ಚಷ್ಮಾಕ್ಕೊಂದು. ಮೊಳೆ ಇಲ್ಲ, ಶೆಲ್ಫ್ ಇಲ್ಲ, ತಲೆಗೆ ತಾಗೋದಿಲ್ಲ, ನೆಲದ ಜಾಗ ತಿನ್ನೋದಿಲ್ಲ. ಇದು ಸಾಧ್ಯ ಆಗಿದ್ದು ಗೋಡೆ ದಪ್ಪ ಇದ್ದುದರಿಂದ. ಕಲ್ಲು, ಮಣ್ಣಿನ ಗೋಡೆ ಒಂದೂವರೆ ಅಡಿ, ಎರಡು ಅಡಿ ದಪ್ಪ ಇರ್ತಿತ್ತು. ಬೆಳಗಿನ ಬಿಸಿಲಿನ ಶಾಖ ಅಷ್ಟು ದಪ್ಪ ಗೋಡೆ ದಾಟಿ ಒಳಗೆ ಬರೋ ಹೊತ್ತಿಗೆ ಹೊರಗೆ ಸಂಜೆ ಆಗಿರ್ತಿತ್ತು. ಮೇ ತಿಂಗಳಲ್ಲಿ ನಮ್ಮ ಕಡೆ 42–43 ಡಿಗ್ರಿ ಬಿಸಿಲು. ಫ್ಯಾನ್ ಕೂಡ ಇಲ್ಲದ ಕಾಲದಲ್ಲಿ ಜನ ಮಧ್ಯಾಹ್ನ ಪಡಸಾಲೆಯಲ್ಲಿ ನಿದ್ದೆ ಮಾಡಿದ್ದು ಈ ಲೆಕ್ಕದ ಮೇಲೆ.

ಈಗಿನ ಫ್ಲ್ಯಾಟ್‌ಗಳ ಒಳಗೋಡೆ ನಾಲ್ಕು ಇಂಚು, ಹೆಚ್ಚೆಂದರೆ ಆರು ಇಂಚು. ಅದರೊಳಗೆ ಕರೆಂಟಿನ ಪೈಪು ಬೇರೆ. ದಯವಿಟ್ಟು ಯಾರೂ ಯೂಟ್ಯೂಬ್ ನೋಡಿ ಅಲ್ಲಿ ಮಾಡ ಕೊರೆಯೋಕೆ ಹೋಗಬೇಡಿ. ಕಾಲಮ್ಮಿನ ಪಕ್ಕ ಒಂದು ಮೂಲೆ ಉಳಿದಿರುತ್ತಲ್ಲ, ಅಲ್ಲಿ ಪ್ಲೈವುಡ್‌ನಲ್ಲಿ ಸುಳ್ಳು ಗೋಡೆ ಎಬ್ಬಿಸಿ ಅದರಲ್ಲಿ ಗೂಡು ಮಾಡಿಸಬಹುದು. ಒಳಗೆ ಒಂದು ಪುಟ್ಟ ಬಲ್ಬ್. ಬಲ್ಬ್ ಡಬ್ಬಿ ಮೇಲೆ 2700ಕೆ ಅಥವಾ 3000ಕೆ ಅಂತ ಬರೆದಿರೋದು ತಗೊಳ್ಳಿ, ಅದು ದೀಪದ ಹಳದಿ ಬೆಳಕು. 6500ಕೆ ಅಂದ್ರೆ ಮೆಡಿಕಲ್ ಶಾಪ್ ಬೆಳಕು. ಮಧ್ಯದಲ್ಲೊಂದು ಟ್ಯೂಬ್‌ಲೈಟ್ ಹಾಕಿ ಮನೆ ತುಂಬ ಒಂದೇ ಸಮ ಬೆಳಕು ಹರಡಿದರೆ ಎಂಥ ಚೆಂದದ ಸಾಮಾನಿಟ್ಟರೂ ವೇಟಿಂಗ್ ರೂಮ್ ಥರ ಕಾಣುತ್ತೆ. ಮನೆಗೆ ಹೊಸ ಸಾಮಾನು ತರುವ ಮುಂಚೆ ಬಲ್ಬ್ ಬದಲಿಸಿ ನೋಡಿ ಅಂತ ನಾನು ಎಲ್ಲರಿಗೂ ಹೇಳೋದು. ಇದರಿಂದ ನನಗೆ ನಷ್ಟವೂ ಆಗಿದೆ, ಬಲ್ಬ್ ಬದಲಿಸಿದ ಮೇಲೆ ಸಾಕು ಮೇಡಂ ಅಂದವರಿದ್ದಾರೆ.

ಮೂರನೇದು ಹೊರಸು. ಬೆಂಗಳೂರಿನ ಅಂಗಡಿಯಲ್ಲಿ ಇದನ್ನೇ "ಡೇಬೆಡ್" ಅಂತ ಮಾರುವಾಗ ನನಗೆ ನಗು ತಡೆಯೋಕೆ ಆಗೋದಿಲ್ಲ. ನಾಲ್ಕು ಕಾಲು, ನಾಲ್ಕು ಪಟ್ಟಿ, ನುಲಿ ಹಗ್ಗ. ನುಲಿ ಅಂದ ಕೂಡಲೇ ನುಲಿಯ ಚಂದಯ್ಯ ನೆನಪಾಗ್ತಾನೆ, ಹನ್ನೆರಡನೇ ಶತಮಾನದಲ್ಲಿ ಹುಲ್ಲು ಹೊಸೆದು ಹಗ್ಗ ಮಾಡಿ ಮಾರಿ ಬದುಕಿದ ಶರಣ. ಹೊರಸಿನ ಗುಟ್ಟು ಇರೋದೇ ಹಗ್ಗದ ಕಣ್ಣುಗಳಲ್ಲಿ, ಕೆಳಗಿಂದ ಗಾಳಿ ಆಡುತ್ತೆ. ಫೋಮ್ ಹಾಸಿಗೆ ಮೈಯ ಶಾಖವನ್ನು ಮೈಗೇ ವಾಪಸ್ ಕೊಡುತ್ತೆ, ಹೊರಸು ಬಿಟ್ಟುಬಿಡುತ್ತೆ. ಒಬ್ಬರೇ ಎತ್ತಿ ಗೋಡೆಗೆ ಆನಿಸಬಹುದು, ಅಂಗಳಕ್ಕೆ, ಮಾಳಿಗೆಗೆ ಒಯ್ಯಬಹುದು. ಹಗ್ಗ ಸಡಿಲಾದರೆ ಕಾಲ ಕಡೆಯ ಹಗ್ಗ ಜಗ್ಗಿ ಬಿಗಿ ಮಾಡಿದರಾಯ್ತು. ಒಂದು ರೂಮಿನ ಮನೆಯಲ್ಲಿರೋ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೇ ಫರ್ನಿಚರ್ ನಾನು ಸೂಚಿಸಲಾರೆ. ಹಗಲು ಸೋಫಾ, ರಾತ್ರಿ ಮಂಚ. ಮನೆ ಬದಲಿಸುವಾಗ ಟೆಂಪೋದಲ್ಲಿ ಎಲ್ಲದರ ಮೇಲೆ ಅದನ್ನೇ ಬೋರಲು ಹಾಕಿ ಕಟ್ಟಿದರೆ ಮುಗೀತು.

ಹೊರಸಿನ ಮೇಲೆ ಕೌದಿ. ಉತ್ತರ ಕರ್ನಾಟಕದ ಮನೆಯವರಿಗೆ ಕೌದಿ ಅಂದ್ರೆ ಏನಂತ ಹೇಳೋದು ಬೇಡ. ಬೇರೆಯವರಿಗಾಗಿ ಹೇಳ್ತೀನಿ: ಹಳೇ ಸೀರೆ, ಧೋತರ, ಅಂಗಿ ಬಟ್ಟೆಯ ತುಂಡುಗಳನ್ನು ಪದರ ಪದರವಾಗಿ ಇಟ್ಟು ಕೈಯಲ್ಲಿ ಸಾಲು ಹೊಲಿಗೆ ಹಾಕಿ ಮಾಡೋ ಹೊದಿಕೆ. ಪ್ರತಿ ಹೊಲಿಗೆ ಪದರಗಳನ್ನ ಹಿಡಿದಿಡುತ್ತೆ, ಪದರದ ನಡುವಿನ ಗಾಳಿ ಚಳಿ ತಡೆಯುತ್ತೆ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯೋ ಕವದಿಗಳು ಅಮೆರಿಕದ ಮ್ಯೂಸಿಯಂವರೆಗೂ ಹೋಗಿ ಬಂದಿವೆ. ನನ್ನ ಹತ್ತಿರ ಆಯಿ ಹೊಲಿದ ಕೌದಿ ಇದೆ. ಅದರಲ್ಲಿ ಅವ್ವನ ಮದುವೆಯ ಇಳಕಲ್ ಸೀರೆಯ ಸೆರಗಿನ ತುಂಡಿದೆ, ನನ್ನ ಶಾಲೆಯ ನೀಲಿ ಸ್ಕರ್ಟ್ ಇದೆ, ಯಾವುದೋ ಪಕ್ಷದ ಪ್ರಚಾರದ ಬಟ್ಟೆಯೂ ಇದೆ. ಆಯಿಗೆ ಬಟ್ಟೆ ಗಟ್ಟಿ ಇದ್ದರೆ ಸಾಕು, ಪಕ್ಷ ಯಾವುದಾದರೇನು.

ಇದನ್ನು ಬೆಂಗಳೂರಿನ ನನ್ನ ಬಾಡಿಗೆ ಮನೆಯಲ್ಲಿ ಗೋಡೆಗೆ ನೇತುಹಾಕಿದ್ದೆ. ಒಂದು ಸಲ ಬಂದ ಅವ್ವ ಚಪ್ಪಲಿ ಬಿಡುವ ಮುಂಚೆಯೇ ಅದನ್ನು ನೋಡಿದಳು. "ಹೊದ್ದುಕೊಳ್ಳೋದನ್ನ ಗ್ವಾಡಿಗ್ಯಾಕ ಹಾಕಿದಿ? ಗ್ವಾಡಿಗಿ ಥಂಡಿ ಆಗ್ಯಾದೇನು?" ಅವತ್ತೇ ಇಳಿಸಿದೆ. ಈಗ ಹೊರಸಿನ ಮೇಲೆ ಮಡಚಿ ಇಡ್ತೀನಿ, ರಾತ್ರಿ ಹೊದ್ಕೊಳ್ತೀನಿ. ಹಾಗಿದ್ದಾಗಲೇ ಅದು ಚೆಂದ ಅನ್ನೋದನ್ನೂ ಒಪ್ಪಬೇಕು.

ಗೋಡೆಗೆ ಹಾಕೋ ವಿಷಯ ಬಂತು, ಸುರಪುರದ ಚಿತ್ರಗಳ ಬಗ್ಗೆ ಹೇಳದೇ ಹೋದರೆ ನಮ್ಮ ಜಿಲ್ಲೆಯವರು ಬೈತಾರೆ. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಚಿಕಣಿ ಚಿತ್ರಕಲೆ ಅದು. ಅರಮನೆ, ದೇವರು, ದರ್ಬಾರು ಎಲ್ಲ ಅಂಗೈಯಗಲದ ಜಾಗದಲ್ಲಿ, ಸೂಕ್ಷ್ಮ ಕುಂಚದಲ್ಲಿ, ಚಿನ್ನದ ಬಣ್ಣ ಸೇರಿಸಿ. ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು 1858ರಲ್ಲಿ ತೀರಿಕೊಂಡ, ಸಂಸ್ಥಾನ ಮುಗೀತು. ಆಶ್ರಯ ಹೋದ ಮೇಲೆ ಕಲೆಯೂ ಸೊರಗಿತು. ಕಲಬುರಗಿಯ ಕಲಾವಿದ ವಿಜಯ ಹಾಗರಗುಂಡಗಿ ಅವರಂಥವರು ಅದನ್ನು ಮತ್ತೆ ಜನರ ಕಣ್ಣಿಗೆ ತಂದರು. ಈ ಚಿತ್ರಗಳಿಂದ ನಾನು ಕಲಿತದ್ದು ನೇತುಹಾಕುವ ಎತ್ತರ. ಚಿಕಣಿ ಚಿತ್ರ ಇರೋದು ಹತ್ತಿರ ಹೋಗಿ ನೋಡೋಕೆ. ಅದನ್ನು ಸೋಫಾ ಹಿಂದೆ ಏಳಡಿ ಎತ್ತರಕ್ಕೆ ಹಾಕಿದರೆ ಕ್ಯಾಲೆಂಡರ್ ಆಗಿಹೋಗುತ್ತೆ. ನೀವು ನಿಂತಾಗ ನಿಮ್ಮ ಕಣ್ಣಿನ ಮಟ್ಟಕ್ಕೆ, ಸುಮಾರು ಐದಡಿಗೆ, ಚಿತ್ರದ ನಡುಭಾಗ ಬರಬೇಕು. ನೇರ ಬಿಸಿಲು ಬೀಳೋ ಗೋಡೆ ಬೇಡ, ಬಣ್ಣ ಮಾಸುತ್ತೆ. ಸುರಪುರಕ್ಕೆ ಹೋದವರು ಹಾಗೇ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿ. 1840ರ ದಶಕದಲ್ಲಿ ಇಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ ಅದು. ವಿಲಾಯಿತಿಯವನಾದರೂ ಈ ಬಿಸಿಲಿಗೆ ತಕ್ಕಂತೆ ಮನೆ ಕಟ್ಟಬೇಕು ಅನ್ನೋದು ಅವನಿಗೆ ಗೊತ್ತಿತ್ತು.

ಬೀದರಿನ ಬಿದ್ರಿ ಹೂದಾನಿ ಒಂದಿದೆ, ಮೊದಲ ಸಂಬಳದಲ್ಲಿ ತಗೊಂಡದ್ದು, ಗೇಣು ಎತ್ತರ. ಸತುವಿಗೆ ಒಂದಿಷ್ಟು ತಾಮ್ರ ಸೇರಿಸಿ ಎರಕ ಹೊಯ್ದು, ಮೇಲೆ ಉಳಿಯಿಂದ ಬಳ್ಳಿ ಕೊರೆದು, ಆ ಗೀರಿನೊಳಗೆ ಬೆಳ್ಳಿ ತಂತಿ ಬಡಿದು ಕೂರಿಸ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೇ ಮಣ್ಣು, ನವಸಾಗರ ಕಲಸಿ ಹಚ್ಚಿದರೆ ಸತುವಿನ ಮೈ ಕಪ್ಪಾಗುತ್ತೆ, ಬೆಳ್ಳಿ ಹಾಗೇ ಬೆಳ್ಳಗೆ ಉಳಿಯುತ್ತೆ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಆ ಕಪ್ಪೇ ಹೋಗಿಬಿಡುತ್ತೆ, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅದರ ಪಕ್ಕ ಬೇರೇನೂ ಇಡಬೇಡಿ, ಅಷ್ಟೇ.

ಇಷ್ಟು ನನ್ನ ಪಟ್ಟಿ. ಇದನ್ನು ಯಾವ ಸ್ಟೈಲ್ ಅನ್ನಬೇಕು? ಕ್ಲೈಂಟ್‌ಗಳು ಫೋನ್ ತೆಗೆದು ಫೋಟೋ ತೋರಿಸ್ತಾರೆ. ಸ್ಕ್ಯಾಂಡಿನೇವಿಯನ್ ಬೇಕು ಮೇಡಂ. ಎಲ್ಲ ಬಿಳಿ, ಗೋಡೆಯಷ್ಟು ದೊಡ್ಡ ಗಾಜಿನ ಕಿಟಕಿ. ನನಗೂ ಇಷ್ಟವೇ. ಆದರೆ ಅಲ್ಲಿ ಚಳಿಗಾಲದಲ್ಲಿ ಸೂರ್ಯ ಕೆಲವೇ ಗಂಟೆ ಇರ್ತಾನೆ, ಸಿಕ್ಕಷ್ಟು ಬೆಳಕು ಹಿಡಿದಿಡೋಕೆ ಬಿಳಿ ಗೋಡೆ, ದೊಡ್ಡ ಗಾಜು ಮಾಡಿಕೊಂಡರು. ಅದು ಅವರ ಹವಾಮಾನಕ್ಕೆ ಅವರು ಕೊಟ್ಟ ಉತ್ತರ. ಯಾದಗಿರಿಯಲ್ಲಿ ಪಶ್ಚಿಮಕ್ಕೆ ಅಷ್ಟು ದೊಡ್ಡ ಗಾಜು ಇಟ್ಟರೆ ಒಳಗಿದ್ದವರು ಹಪ್ಪಳ. ಗಾಜಿನ ಒಳಗೆ ಪರದೆ ಹಾಕಿದರೂ ಶಾಖ ಆಗಲೇ ಒಳಗೆ ಬಂದಾಗಿದೆ. ಬಿದಿರಿನ ಚಾಪೆಯೋ, ತಟ್ಟಿಯೋ, ಹಳೇ ಸೀರೆಯೋ, ಕಿಟಕಿಯ ಹೊರಗೆ ಕಟ್ಟಿ. ಬಿಸಿಲನ್ನು ಹೊರಗೇ ನಿಲ್ಲಿಸಬೇಕು. ಬಾಡಿಗೆ ಮನೆಯಲ್ಲೂ ಇದನ್ನು ಮಾಡಬಹುದು.

ಇಷ್ಟೆಲ್ಲ ತಿಳಿದುಕೊಂಡವಳು ನಾನು, ಹೋದ ವರ್ಷ ಹತ್ತಿಕುಣಿಗೆ ಲ್ಯಾಪ್‌ಟಾಪ್ ಹಿಡಿದು ಹೋದೆ. ಮುತ್ಯಾ, ಆಯಿ ಇಬ್ಬರೂ ಇಲ್ಲ. ಹಳೇ ಮನೆಯ ಜಂತಿ ಹುಳ ತಿಂದು ಒಂದು ಅಂಕಣ ಕುಸಿದಿತ್ತು. ಅಪ್ಪ, ಅವ್ವ ಬೆಂಗಳೂರು ಬಿಟ್ಟು ಊರಿಗೆ ಮರಳಿದ್ದರು, ಕೂಡಿಟ್ಟ ದುಡ್ಡಲ್ಲಿ ಹೊಸ ಮನೆ. ನಾನು ಡ್ರಾಯಿಂಗ್ ತೋರಿಸಿದೆ. ಫರಸಿ ನೆಲ, ಕಲ್ಲಿನ ಗೋಡೆ, ಹಳೇ ತೊಲೆಗಳನ್ನು ಉಳಿಸಿಕೊಂಡ ಪಡಸಾಲೆ, ಸುಣ್ಣದ ಬಣ್ಣ. ಅವ್ವ ಪರದೆ ನೋಡಿದಳು, ನನ್ನ ಮುಖ ನೋಡಿದಳು. "ಇದು ಹಳೇ ಮನೀನೇ ಅಲ್ಲೇನು? ಇದಕ್ಕ್ಯಾಕ ರೊಕ್ಕ ಹಾಕೋದು?"

ಅವ್ವನಿಗೆ ಬೇಕಾಗಿದ್ದು ಹೊಳೆಯೋ ಬಿಳಿ ಟೈಲ್ಸು, ಆರ್‌ಸಿಸಿ ಸ್ಲ್ಯಾಬು, ಸೀಲಿಂಗಿಗೆ ಹೂ ಬಿಟ್ಟ ಪಿಒಪಿ. ನಾನು ಶುರು ಮಾಡಿದೆ. ಟೈಲ್ಸ್ ನಮ್ಮದಲ್ಲ, ಸ್ಲ್ಯಾಬ್ ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಒಳಗೆ ಉಗುಳುತ್ತೆ, ಪಿಒಪಿ ಧೂಳಿನ ಗೂಡು, ಹಳೇ ಮನೆ ತಂಪು. ಅವ್ವ ಎದ್ದು ಹೋದಳು. ಹೋಗ್ತಾ ಒಂದು ಮಾತು ಹೇಳಿದಳು. "ಹಳೇ ಮನಿ ತಂಪ ಅಂತ ನಿನಗ ಗೊತ್ತದ. ಮಾಳಿಗಿ ಸೋರಿದ್ರ ರಾತ್ರಿಯೆಲ್ಲ ಪಾತ್ರಿ ಸರಸ್ತಾ ಕುಂತಾಕಿ ನಾನು. ನೀ ಮಲಗಿದ್ದಿ."

ಹನ್ನೊಂದು ದಿನ ಅಂದೆನಲ್ಲ, ಅದು ಅಲ್ಲಿಂದ. ಅವಳು ಹೇಳಿದ್ದು ನಿಜ. ಮಣ್ಣಿನ ಮಾಳಿಗೆ ಅಂದ್ರೆ ತೊಲೆ, ಜಂತಿ, ಮೇಲೆ ಹಲಗೆ, ಅದರ ಮೇಲೆ ದಪ್ಪ ಮಣ್ಣು. ಪ್ರತಿ ವರ್ಷ ಮಳೆಗೆ ಮುಂಚೆ ಹೊಸ ಮಣ್ಣು ಹಾಕಿ ಬಡಿದು ಗಟ್ಟಿ ಮಾಡದಿದ್ದರೆ ಸೋರೋದು ಗ್ಯಾರಂಟಿ. ಆ ಮಣ್ಣು ಹೊತ್ತವರು, ಮಾಳಿಗೆಗೆ ಏರಿಸಿದವರು, ನೆಲ ಸಾರಿಸಿದವರು ಮನೆಯ ಹೆಂಗಸರು. ನಾನು ಬರೀ ತಂಪು ಅನುಭವಿಸಿದವಳು. ಟೈಲ್ಸ್ ಬಗ್ಗೆಯೂ ನಾನು ಪೂರ್ತಿ ಸತ್ಯ ಹೇಳಿರಲಿಲ್ಲ. ಕಾಲಿಗೆ ತಂಪು ಅನ್ನೋ ವಿಚಾರದಲ್ಲಿ ವಿಟ್ರಿಫೈಡ್ ಟೈಲ್ಸ್ ಏನೂ ಕಡಿಮೆ ಇಲ್ಲ. ನೀರು ಹೀರೋದಿಲ್ಲ, ಹುಳಿಗೆ ಹೆದರೋದಿಲ್ಲ.

ಹೊಸ ಕ್ಲೈಂಟ್ ಬಂದಾಗ ನಾನು ಮೊದಲು ಕೇಳೋದು ಬಣ್ಣ ಯಾವುದು ಅಂತ ಅಲ್ಲ. ಬೆಳಗ್ಗೆ ಎದ್ದ ಕೂಡಲೇ ಏನು ಮಾಡ್ತೀರಿ, ಎಲ್ಲಿ ಕೂತು ಚಹಾ ಕುಡೀತೀರಿ, ಮನೆಯಲ್ಲಿ ಯಾವ ಕೆಲಸ ಕಂಡರೆ ಬೇಜಾರು? ಇದೇ ಮೂರು ಪ್ರಶ್ನೆ. ಒಂಬತ್ತು ವರ್ಷದಿಂದ ಅಪರಿಚಿತರಿಗೆಲ್ಲ ಕೇಳಿದ್ದೀನಿ. ಅವ್ವನಿಗೆ ಕೇಳಿರಲಿಲ್ಲ. ಹನ್ನೆರಡನೇ ದಿನ ಚಹಾ ಮಾಡಿಕೊಂಡು ಹೋಗಿ ಕೇಳಿದೆ.

ಅವಳ ಉತ್ತರ ಹೀಗಿತ್ತು. ನೆಲ ಒಂದೇ ಸಲ ಒರೆಸಿದರೆ ಸ್ವಚ್ಛ ಆಗಬೇಕು, ಮಂಡಿ ಊರೋಕೆ ಆಗೋದಿಲ್ಲ. ಸೋರಬಾರದು. ರೊಟ್ಟಿ ಬಡಿಯೋ ಜಾಗದಲ್ಲಿ ಬೆಳಕಿರಬೇಕು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಚ್ಚಲಮನಿ ಒಳಗೇ ಇರಲಿ. ಚಿಲಕ ಒಳಗಿಂದ ಹಾಕ್ಕೊಳ್ಳಂಗ ಇರಬೇಕು."

ಸೈಟಿನ ತಗಡಿನ ಶೆಡ್ಡುಗಳಲ್ಲಿ ಅಷ್ಟು ವರ್ಷ ಹೇಗೆ ಕಳೆದಳು ಅಂತ ಅವ್ವ ಯಾವತ್ತೂ ಹೇಳಿದವಳಲ್ಲ. ಸೀರೆ ಅಡ್ಡ ಕಟ್ಟಿ, ಬೆಳಕು ಹರಿಯೋ ಮುಂಚೆ ಎದ್ದು ಸ್ನಾನ ಮಾಡ್ತಿದ್ರಂತೆ. ಪಕ್ಕದಲ್ಲೇ ಮೇಲೇಳ್ತಿದ್ದ ಫ್ಲ್ಯಾಟಿನಲ್ಲಿ ಪ್ರತಿ ಬೆಡ್‌ರೂಮಿಗೊಂದು ಬಾತ್‌ರೂಮು, ಬಿಳಿ ಟೈಲ್ಸು. ಆ ಟೈಲ್ಸಿನ ಡಬ್ಬಿಗಳನ್ನು ತಲೆ ಮೇಲೆ ಹೊತ್ತು ನಾಲ್ಕು ಮಹಡಿ ಹತ್ತಿದವಳು ಅವ್ವ. ಅವಳಿಗೆ ಆ ಬಿಳುಪು ಬರೀ ಫ್ಯಾಷನ್ ಆಗಿರಲಿಲ್ಲ. ನನ್ನ ಮೂಡ್ ಬೋರ್ಡಿನಲ್ಲಿ ಕೌದಿ ಇತ್ತು, ಬಿದ್ರಿ ಇತ್ತು, ಮಾಡದಲ್ಲಿ ದೀಪ ಇತ್ತು. ಬಚ್ಚಲಮನೆ ಇರಲಿಲ್ಲ.

ಡ್ರಾಯಿಂಗ್ ಹೊಸದಾಗಿ ಶುರು ಮಾಡಿದೆ, ಬಚ್ಚಲಮನೆಯಿಂದ. ಕಿಟಕಿ ಎತ್ತರದಲ್ಲಿ, ಗಾಳಿ ಬರಬೇಕು, ಹೊರಗಿನವರ ಕಣ್ಣು ಬರಬಾರದು. ನೆಲಕ್ಕೆ ಒರಟು ಮೇಲ್ಮೈಯ ಟೈಲ್ಸ್, ಗೋಡೆಗೆ ಅವ್ವನಿಗೆ ಬೇಕಾದ ಹೊಳೆಯೋ ಬಿಳಿ. ಹೊಳಪಿನ ಟೈಲ್ಸ್ ಗೋಡೆಗೆ ಸರಿ, ಒದ್ದೆಯಾಗೋ ನೆಲಕ್ಕೆ ಬೇಡ. ನಿಮ್ಮ ಮನೆಯಲ್ಲಿ ವಯಸ್ಸಾದವರಿದ್ದರೆ ಇದೊಂದನ್ನಾದರೂ ನೆನಪಿಡಿ. ಚಿಲಕವನ್ನು ಅವ್ವನೇ ಯಾದಗಿರಿಗೆ ಹೋಗಿ ಆರಿಸಿ ತಂದಳು, ಹಿತ್ತಾಳೆಯದು, ಅರ್ಧ ಕೇಜಿ ತೂಗುತ್ತೆ.

ಒಳಗಿನ ನೆಲಕ್ಕೆ ಟೈಲ್ಸೇ ಬಂತು. ಕನ್ನಡಿ ಥರ ಹೊಳೆಯೋದು ಬೇಡ, ಸ್ವಲ್ಪ ಮ್ಯಾಟ್ ಇರಲಿ ಅಂದಿದ್ದಕ್ಕೆ ಅಂಗಡಿಯಲ್ಲಿ ಎರಡರ ಮೇಲೂ ನೀರು ಹಾಕಿಸಿ, ಬರಿಗಾಲಲ್ಲಿ ನಿಂತು ನೋಡಿ ಒಪ್ಪಿದಳು. ಸ್ಲ್ಯಾಬ್ ಆರ್‌ಸಿಸಿಯದೇ. ಅದರ ಮೇಲೆ ಬಿಳಿ ಬಣ್ಣ ಹೊಡೆಸಿದ್ದೀವಿ, ಬಿಸಿಲು ವಾಪಸ್ ಹೋಗಲಿ ಅಂತ. ಪಿಒಪಿ ವಿಚಾರದಲ್ಲಿ ನಾನು ಗೆದ್ದೆ. ಸೀಲಿಂಗ್ ಕೆಳಗೆ ಒಂದು ಪದರ ಬಂದರೆ ಶಾಖ ಸ್ವಲ್ಪ ತಡೆಯುತ್ತೆ, ಸುಳ್ಳಲ್ಲ. ಆದರೆ ಸ್ಲ್ಯಾಬ್ ಬಿಸಿಯಾದ ಮೇಲೆ ಕೆಳಗಿಂದ ತಡೆಯೋದಕ್ಕಿಂತ ಬಿಸಿಯಾಗದ ಹಾಗೆ ಮೇಲಿಂದಲೇ ತಡೆಯೋದು ಅಗ್ಗ. ಉಳಿದ ದುಡ್ಡಲ್ಲಿ ಅಡುಗೆಮನೆಗೆ ಇನ್ನೊಂದು ಕಿಟಕಿ ಇಟ್ಟೆವು. ಹಣದ ಲೆಕ್ಕ ಬಂದ ಕೂಡಲೇ ಅವ್ವ ಹೂ ಬಿಟ್ಟ ಸೀಲಿಂಗ್ ಮರೆತಳು.

ಹಳೇ ಮನೆಯ ಫರಸಿ ಕಲ್ಲುಗಳನ್ನು ಅಪ್ಪ ಒಡೆಯದ ಹಾಗೆ ಎಬ್ಬಿಸಿ ಇಟ್ಟಿದ್ದ. ಮನೆ ಮುಂದಿನ ಕಟ್ಟೆಗೆ ಅವೇ ಬಂದಿವೆ. ಆಯಿ ನಡೆದು ನುಣುಪಾದ ನಾಲ್ಕು ಕಲ್ಲುಗಳನ್ನು ಬಾಗಿಲ ಮುಂದೆಯೇ ಹಾಕಿದ್ದಾನೆ. ನಾನು ಹೇಳಿರಲಿಲ್ಲ. ಸಂಜೆ ಬಿಸಿಲು ಇಳಿದ ಮೇಲೆ ಒಂದು ತಂಬಿಗೆ ನೀರು ಚೆಲ್ಲಿದರೆ ಕಟ್ಟೆ ತಣ್ಣಗಾಗುತ್ತೆ, ಓಣಿಯ ಹೆಂಗಸರೆಲ್ಲ ಅಲ್ಲೇ ಕೂರ್ತಾರೆ. ಒಳಗೆ ಎರಡು ಸಾವಿರ ಸಲ ಒರೆಸಿದ ಟೈಲ್ಸ್ ಇದ್ದರೂ ಕೂರೋದು ಹೊರಗಿನ ಕಲ್ಲಿನ ಮೇಲೆ. ನಾನು ಇದನ್ನು ಅವ್ವನಿಗೆ ತೋರಿಸಿ ಮಾತಾಡಿಲ್ಲ, ಮತ್ತೆ ಹನ್ನೊಂದು ದಿನ ಯಾರಿಗೆ ಬೇಕು.

ಮಾಡದ್ದೂ ಹೇಳಿಬಿಡ್ತೀನಿ. ಪಡಸಾಲೆಯದು ಒಂಬತ್ತು ಇಂಚಿನ ಇಟ್ಟಿಗೆ ಗೋಡೆ. ಕಟ್ಟುವಾಗಲೇ ಅರ್ಧ ಇಟ್ಟಿಗೆ, ಅಂದ್ರೆ ನಾಲ್ಕೂವರೆ ಇಂಚು, ಒಳಗೆ ಬಿಟ್ಟು ಮಾಡ ಮಾಡಬಹುದು ಅಂತ ಅಪ್ಪನೇ ತೋರಿಸಿದ. ಮೇಲಿನ ಇಟ್ಟಿಗೆಯ ಭಾರಕ್ಕೆ ಅಡ್ಡ ಒಂದು ಫರಸಿ ಚೂರು, ಕೆಳಗೆ ಇಡೋಕೆ ಇನ್ನೊಂದು. ನಲವತ್ತು ವರ್ಷದ ಕೆಲಸದಲ್ಲಿ ಇಂಥದ್ದು ಎಷ್ಟು ಕಟ್ಟಿದ್ದೀ ಅಂತ ಕೇಳಿದೆ. "ಬೆಂಗಳೂರಾಗ ಯಾರೂ ಕೇಳಲಿಲ್ಲ" ಅಂದ. ನಾನು ಅದಕ್ಕೆ ದೀಪ ಇಡೋಣ ಅಂದ್ಕೊಂಡಿದ್ದೆ. ಅವ್ವ ಈಗ ಅಲ್ಲಿ ಮೊಬೈಲ್ ಚಾರ್ಜಿಗೆ ಇಡ್ತಾಳೆ. ಪ್ಲಗ್ ಪಾಯಿಂಟ್ ಕೊಡಿಸಿದ್ದು ನಾನೇ, ಡ್ರಾಯಿಂಗಿನಲ್ಲಿ ಅವಳೇ ಬೆರಳಿಟ್ಟು ಜಾಗ ತೋರಿಸಿದ್ದಳು. ಈ ಸಂಚಿಕೆ ಬಂದ ಮೇಲೆ ಅವಳಿಗೆ ಲಿಂಕ್ ಕಳಿಸಬೇಕು. ಬಹುಶಃ ಕಟ್ಟೆ ಮೇಲೆ ಕೂತು, ಸ್ಪೀಕರ್ ಹಾಕಿ, ಓಣಿಗೆಲ್ಲ ಕೇಳಿಸ್ತಾಳೆ.